ನೀರು ಕುಡಿಯದ ಮಷೀನು

ಸ್ನೇಹಿತರೇ, ಬೆಳಗಿನಿಂದ ನಮ್ಮ ವಾಷಿಂಗ್ ಮಷೀನು ಬರೀ ಗುಂಯ್‌ಗುಡುತ್ತಿದೆ, ಒಂದು ತೊಟ್ಟು ನೀರು ತುಂಬಿಕೊಳ್ಳುತ್ತಿಲ್ಲ. ಸಂಜೆ ಚಾಮರಾಜಪೇಟೆಯಲ್ಲಿ ಆರತಕ್ಷತೆ. ನನಗಿರುವ ಒಂದೇ ಒಂದು ಒಳ್ಳೆಯ ಜುಬ್ಬ ಸೋಪಿನ ಪುಡಿ ಮೆತ್ತಿಕೊಂಡು ಅದರ ಹೊಟ್ಟೆಯಲ್ಲಿ ಕೂತಿದೆ. ಪ್ರಾಸೆಸ್ ಆಫ್ ಎಲಿಮಿನೇಷನ್ನೋ ಎಲಿಮೆಂಟೇಷನ್ನೋ, ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರಲ್ಲ, ಅದನ್ನೇ ಹಿಡಿದೆ. ನಲ್ಲಿ ತೆರೆದೇ ಇದೆ, ಟ್ಯಾಂಕು ತುಂಬಿದೆ, ಪೈಪು ಎಲ್ಲೂ ಮಡಚಿಕೊಂಡಿಲ್ಲ. ಕೊನೆಗೆ ಪೈಪು ಬಿಚ್ಚಿ, ಮಷೀನಿನ ಬಾಯಲ್ಲಿರುವ ಪುಟ್ಟ ಜಾಲರಿಯನ್ನು ಇಕ್ಕಳದಲ್ಲಿ ಎಳೆದರೆ ಅದರ ತುಂಬ ಹುಲ್ಲಿನ ಚೂರು!

ಹೆಂಡತಿ ಹೋದ ಮೇಲೆ ನನ್ನ ಮನೆಯ ಯಜಮಾನಿಕೆ ವಹಿಸಿಕೊಂಡಿರುವ ಅಕ್ಕನಿಗೆ ತೋರಿಸಿದೆ.

"ದರ್ಭೆ ಕಣೋ ಅದು. ಮೊನ್ನೆ ಗ್ರಹಣಕ್ಕೆ ಟ್ಯಾಂಕಿಗೆ ಒಂದು ಹಿಡಿ ಹಾಕ್ಸಿದ್ದೆ."

"ನಮ್ಮೋಳು ಇದ್ದಾಗ ಕುಡಿಯೋ ನೀರಿನ ಕೊಡಕ್ಕೆ ಒಂದೇ ಒಂದು ಎಳೆ ಹಾಕ್ತಿದ್ಲು ಅಕ್ಕ!"

"ಯಾಕೆ, ಟ್ಯಾಂಕಿನ ನೀರಲ್ಲಿ ನೀನು ಸ್ನಾನ ಮಾಡಲ್ವೇನೋ?"

ಜಾಲರಿ ತೊಳೆದು ಹಾಕಿದೆ. ಸ್ವಲ್ಪ ನೀರು ಬಂದು ಮತ್ತೆ ನಿಂತಿತು. ಜುಬ್ಬವನ್ನು ಹಿತ್ತಲ ಕಲ್ಲಿನ ಮೇಲೆ ಕೈಯಲ್ಲೇ ಒಗೆದು ಹರವಿ, ಅದು ಒಣಗುವುದನ್ನು ಕಾಯುತ್ತ ಬನಿಯನ್ನಿನಲ್ಲಿ ಕೂತು ಇದನ್ನು ಟೈಪ್ ಮಾಡುತ್ತಿದ್ದೇನೆ. ಸೂರ್ಯನಿಗೆ ಹಿಡಿದ ಗ್ರಹಣ ಮೊನ್ನೆಯೇ ಬಿಟ್ಟಿತಂತೆ. ನಮ್ಮ ಮಷೀನಿಗೆ ಹಿಡಿದದ್ದು ಇನ್ನೂ ಬಿಟ್ಟಿಲ್ಲ.