ನಿಂತ ಬೆರಳು

ನಾನು ಓದಿದ ಮೊದಲ ಕೆಟ್ಟ ಕಾದಂಬರಿ ಪುರಾಣದ ಕೆಂಪು ವಸ್ತ್ರದೊಳಗೆ ಅಡಗಿ ನಮ್ಮ ಮನೆ ಹೊಕ್ಕಿತು. ಕೆಟ್ಟದ್ದು ಅಂದರೆ ಬರವಣಿಗೆ ಕೆಟ್ಟದ್ದಲ್ಲ. ಹೆಣ್ಣುಮಕ್ಕಳು ಮುಟ್ಟಬಾರದು ಎಂದು ಗಂಡಸರು ಅಪ್ಪಣೆ ಮಾಡಿ, ತಾವು ಮಾತ್ರ ಅಂಗಡಿಯ ಗಾದಿ ಕೆಳಗೆ ಬಚ್ಚಿಟ್ಟುಕೊಂಡು ಓದುತ್ತಿದ್ದ ಜಾತಿಯದು. ವಿಧವೆಯ ಪ್ರೀತಿ, ಮದುವೆಯಾದವರ ಪ್ರೀತಿ, ಕುಲ ಮೀರಿದ ಪ್ರೀತಿ, ಎಲ್ಲವೂ ಉರ್ದುವಿನಲ್ಲಿ.

ನನಗೆ ಉರ್ದು ಬರುತ್ತಿತ್ತು. ನಿಜಾಮರ ಕಾಲ, ಕಚೇರಿಗೂ ಶಾಲೆಗೂ ಅದೇ ಭಾಷೆ. ಲಿಂಗಸುಗೂರಿನ ತಹಸೀಲಿನಲ್ಲಿ ಗುಮಾಸ್ತನಾಗಿದ್ದ ಅಪ್ಪ, ಗಂಡುಮಗನಿಲ್ಲದ ಹಳಹಳಿಗೆ ನನಗೇ ಅಕ್ಷರ ಕಲಿಸಿದ. ಹದಿನೆಂಟು ದಾಟಿ, ಇನ್ನೂ ಇಟ್ಟುಕೊಂಡರೆ ಜನ ಆಡಿಕೊಳ್ಳುತ್ತಾರೆ ಎನ್ನುವ ಹೊತ್ತಿಗೆ ಸಿಂಧನೂರಿನ ಬಟ್ಟೆ ಅಂಗಡಿಯವರ ಮನೆಗೆ ಸೊಸೆಯಾಗಿ ಬಂದೆ. ಗಂಡ ಒಳ್ಳೆಯವನೇ. ಆದರೆ ದಿನವಿಡೀ ಅರಿವೆ ಅಳೆದು ಬಂದವನ ಮಾತು ಮನೆಯಲ್ಲಿ ಒಂದು ಗಜಕ್ಕಿಂತ ಉದ್ದ ಆಗುತ್ತಿರಲಿಲ್ಲ.

ಆ ಮನೆಯಲ್ಲಿ ನನಗಿದ್ದವಳು ಗಂಡನ ಅಕ್ಕ. ಇಪ್ಪತ್ತಾರು ವರ್ಷದವಳು. ಎಂಟಕ್ಕೆ ಮದುವೆ, ಹತ್ತಕ್ಕೆ ಗಂಡ ಹೋಗಿಬಿಟ್ಟಿದ್ದ. ಅವನ ಮುಖ ಅವಳಿಗೆ ನೆನಪಿರಲಿಲ್ಲ. ಮದುವೆಯಲ್ಲಿ ತಿಂದ ಬುಂದೆ ಉಂಡೆ ನೆನಪಿತ್ತು. ನಮ್ಮ ಓಣಿಯ ಎಷ್ಟೋ ಮನೆಗಳಲ್ಲಿ ಉಡಿಕೆ ನಡೆಯುತ್ತಿತ್ತು. ಗಂಡ ಸತ್ತವಳು ಇನ್ನೊಬ್ಬನ ಕೈಯಿಂದ ಸೀರೆ ಉಟ್ಟು ಮತ್ತೆ ಸಂಸಾರ ಹೂಡಬಹುದಿತ್ತು. ನಮ್ಮವರು ಸ್ವಲ್ಪ ಸ್ಥಿತಿವಂತರಾದ ಮೇಲೆ ಅದನ್ನು ಬಿಟ್ಟಿದ್ದರು. “ನಮ್ಮ ಮನಿತನದಾಗ ಉಡಿಕಿ ಇಲ್ಲ” ಎನ್ನುವಾಗ ಅತ್ತೆಯ ಮುಖದಲ್ಲಿ ಹೊಸ ಮಾಳಿಗೆ ಕಟ್ಟಿಸಿದವರ ಠೀವಿ ಇರುತ್ತಿತ್ತು.

ಪುಸ್ತಕಗಳು ಬರುತ್ತಿದ್ದದ್ದು ಮಸ್ಕಿಯಿಂದ. ಅಲ್ಲಿಯ ಶಾಲೆಯ ಮಾಸ್ತರರು ನನ್ನ ಅಪ್ಪನ ಹತ್ತಿರ ಬರವಣಿಗೆ ಕಲಿತವರು, ನೇಕಾರರ ಪೈಕಿ, ಹೆಂಡತಿ ತೀರಿಕೊಂಡು ಒಂಟಿಯಾಗಿದ್ದರು. ನಾನು ತವರಿಗೆ ಹೋಗುವಾಗ ಬರುವಾಗ ಎತ್ತುಗಳಿಗೆ ನೀರು ಕುಡಿಸಲು ಗಾಡಿ ಮಸ್ಕಿಯಲ್ಲಿ ನಿಲ್ಲುತ್ತಿತ್ತು. ಸೊಸೆಯನ್ನು ಒಬ್ಬಳೇ ಕಳಿಸಬಾರದೆಂದು ಅತ್ತೆ ಪ್ರತಿ ಸಲ ಅಕ್ಕನನ್ನು ಜೊತೆಗೆ ಕಳಿಸುತ್ತಿದ್ದಳು. ಕಾವಲಿಗೆಂದು ಕಳಿಸಿದವಳಿಗೇ ಕಾವಲು ಬೇಕಿತ್ತೆಂದು ಪಾಪ, ಅತ್ತೆಗೆ ಹೊಳೆಯಲಿಲ್ಲ. ಮಾಸ್ತರರು ಬೇವಿನ ಗಿಡದ ಕೆಳಗೆ ತಂಬಿಗೆ ನೀರು ತಂದಿಟ್ಟು, ನನಗೆ ಪುಸ್ತಕ ಕೊಟ್ಟು, ಅಪ್ಪನ ಕ್ಷೇಮ ಕೇಳುತ್ತಿದ್ದರು. ಕೇಳುವುದು ನನ್ನನ್ನು, ಕಿವಿ ಮಾತ್ರ ಗಾಡಿಯೊಳಗಿನ ಬಳೆಯಿಲ್ಲದ ಕೈಯ ಕಡೆಗೆ. ಅಕ್ಕ ನೀರು ಕುಡಿದು ತಂಬಿಗೆಯನ್ನು ಬೆಳಗಿಯೇ ತಿರುಗಿ ಕೊಡುತ್ತಿದ್ದಳು. ಅವರಿಬ್ಬರ ನಡುವೆ ನಡೆದ ವ್ಯವಹಾರ ಅಷ್ಟೇ.

ಮಧ್ಯಾಹ್ನ ಪಡಸಾಲೆಯಲ್ಲಿ ಜೋಳ ಹಸನು ಮಾಡುವ ಹೊತ್ತು ನಮ್ಮ ಓದು. ಅಕ್ಕ ಮೊರ ಹಿಡಿದು ನನ್ನ ಬಲಕ್ಕೆ ಕೂರುವಳು. ನಾನು ಬಲದಿಂದ ಎಡಕ್ಕೆ ಓಡುವ ಉರ್ದು ಸಾಲಿನ ಮೇಲೆ ಬೆರಳಾಡಿಸುತ್ತ, ಬಾಯಲ್ಲಿ ಕನ್ನಡ ಮಾಡಿ ಹೇಳುವೆ. ಒಂದು ದಿನ ಅತ್ತೆ ಬಂದು ನಿಂತಳು.

“ಏನಬೇ, ಪುರಾಣಾ ಹಿಂದಿನಿಂದ ಓದಾಕತ್ತೀ?”

“ಫಲಶ್ರುತಿ ಮೊದಲ ಓದಿದ್ರ ಪುಣ್ಯ ಹೆಚ್ಚಂತ್ರೀ ಅತ್ತಿ” ಎಂದೆ. ಅತ್ತೆ ಕೈ ಮುಗಿದು ಕೂತೇಬಿಟ್ಟಳು. ಅಂದಿನಿಂದ ಅತ್ತೆ ಬಂದರೆ ಕಾದಂಬರಿಯ ನಾಯಕ ಋಷಿಯಾಗುತ್ತಿದ್ದ, ನಾಯಕಿ ರಾಜಕುಮಾರಿ, ತೋಟದ ಕಳ್ಳಭೇಟಿ ತಪಸ್ಸು. “ಆ ಋಷಿ ಭಾಳ ಛಲೋ ಮನಷ್ಯಾ” ಎಂದು ಅತ್ತೆ ಕಣ್ಣೊರೆಸಿಕೊಂಡದ್ದೂ ಉಂಟು. ಅತ್ತೆ ಎದ್ದು ಹೋದ ಮೇಲೆ ಒಲೆಯ ಮುಂದೆ ಅಕ್ಕನಿಗೆ ಖರೆ ಕಥೆ ಹೇಳಬೇಕಿತ್ತು. ಅವಳಿಗೆ ಮೋಸ ಮಾಡುವುದು ಸುಲಭವಿರಲಿಲ್ಲ. ಅಕ್ಷರ ಒಂದೂ ಬಾರದಿದ್ದರೂ ನನ್ನ ಬೆರಳು ಅವಳಿಗೆ ಬಾಯಿಪಾಠ. ನಾಯಕಿಯ ಮುಡಿ ಬಿಚ್ಚುವಂಥ ಜಾಗದಲ್ಲಿ ನಾಚಿ ನಾನು ಹಾರಿಸಿದರೆ, “ಬೆರಳು ಮುಂದ ಹೋತು, ಬಾಯಿ ಹೋಗಲಿಲ್ಲ. ತಿರುಗಿ ಓದು” ಎನ್ನುತ್ತಿದ್ದಳು. ಓದಿದರೆ ಮೊರದ ಜೋಳದ ಮೇಲೆ ಅವಳ ಕೈ ಹಾಗೇ ನಿಂತಿರುತ್ತಿತ್ತು. ಇಷ್ಟು ವರ್ಷ ಯಾರೂ ಮುಟ್ಟದ ಆ ಕೈಯನ್ನು ನೋಡಿ ನಾನು ಅದೇ ಸಾಲನ್ನು ಇನ್ನೊಮ್ಮೆ ಓದುತ್ತಿದ್ದೆ.

ಆ ವರ್ಷ ಸುಗ್ಗಿ ಮುಗಿದ ಮೇಲೆ ಮಾಸ್ತರರು ಕೊಟ್ಟ ಪುಸ್ತಕ ಬೇರೆ ತರಹದ್ದಿತ್ತು. “ಇದನ್ನ ಕಡೀತನಕಾ ಓದಿ ಹೇಳ್ರಿ. ಕೇಳಿದವರು ಏನಂತಾರ, ಮುಂದಿನ ಸಲ ನನಗ ತಿಳಸ್ರಿ” ಎಂದರು. ‘ಕೇಳಿದವರು’ ಎನ್ನುವಾಗ ಅವರ ಕಣ್ಣು ಗಾಡಿಯ ಕಡೆ ಹೋಗಿ ಬಂತು. ಓದುತ್ತ ಹೋದಂತೆ ನನಗೆ ತಿಳಿಯಿತು. ಹವೇಲಿಯೊಂದರ ವಿಧವೆ ಸೊಸೆ, ಕೆಳಗಿನ ಕುಲದ ಶಿಕ್ಷಕ, ಮಾತಿಲ್ಲದ ವರ್ಷಗಳು. ಅಕ್ಷರ ಬಾರದವಳಿಗೆ ಕಾಗದ ಬರೆಯುವುದು ಹೇಗೆ? ಬರೆದರೂ ಸಿಕ್ಕಿಬಿದ್ದರೆ ಗತಿ ಏನು? ಅದಕ್ಕೇ ಆ ಮನುಷ್ಯ ಇನ್ನಾರೋ ಬರೆದ ಇನ್ನೂರು ಪುಟದ ಕಥೆಯನ್ನೇ ಕಾಗದ ಮಾಡಿ ಕಳಿಸಿದ್ದರು.

ಕೊನೆಯ ಅಧ್ಯಾಯದ ದಿನ ಅತ್ತೆ ರುದ್ರಾಕ್ಷಿ ಹಿಡಿದು ಬಂದು ಕೂತಳು. ಪುಸ್ತಕದಲ್ಲಿ ನಾಯಕಿ ಬೆಳಗಿನ ಜಾವ ಕೀಲಿಗೊಂಚಲನ್ನು ಗೂಟಕ್ಕೆ ಹಾಕಿ, ಹವೇಲಿಯ ಬಾಗಿಲು ದಾಟಿ, ಟೇಸನ್ನಿಗೆ ನಡೆದುಹೋಗಿ ಅವನ ಜೊತೆ ರೈಲು ಹತ್ತುತ್ತಾಳೆ. ಮುಂದೆ ಅವರು ಸುಖವಾಗಿದ್ದರೆಂದೂ ಬರೆದಿತ್ತು. ನಾನು ಹೇಳಿದ್ದು: “ರಾಜಕುಮಾರಿ ಬಾಗಲತನಕಾ ಹೋದಳು. ಹಿರಿಯರ ಮುಖ ನೆನಪಾತು. ತಿರುಗಿ ಬಂದು ವ್ರತಾ ಹಿಡದು, ಮನ್ಯಾಗ ಉಳದು, ಎಲ್ಲಾರ ಕಡಿಂದ ಭೇಷ್ ಅನಿಸಿಕೊಂಡಳು.”

“ಶಿವಾ ಶಿವಾ, ಅಂಥಾ ಹೆಣ್ಣು ಹುಟ್ಟಬೇಕು” ಎಂದು ಅತ್ತೆ ಎದ್ದು ದೇವರ ಮನೆಗೆ ಹೋದಳು.

ಒಲೆಯ ಮುಂದೆ ಅಕ್ಕ ಕೇಳಿದಳು. “ಖರೇನ ಹಂಗ ಮುಗೀತೇನು ತಂಗೀ?”

ಆಗ ನಿಜ ಹೇಳಬಹುದಿತ್ತು. ಅತ್ತೆಯ ಭಯ ಎಂದು ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ, ಅದು ಬರೀ ಸುಳ್ಳು. ಅತ್ತೆ ದೇವರ ಮನೆಯಲ್ಲಿ ಗಂಟೆ ಬಾರಿಸುತ್ತಿದ್ದಳು, ನಮ್ಮ ಮಾತು ಅವಳಿಗೆ ಕೇಳುವಂತಿರಲಿಲ್ಲ. ಇವಳು ಹೋದರೆ ಈ ಮನೆಯಲ್ಲಿ ನನಗಾರು ಅನ್ನುವುದೊಂದೇ ನನ್ನ ತಲೆಯಲ್ಲಿದ್ದದ್ದು. ನನ್ನ ಬಲಕ್ಕೆ ಯಾರು ಕೂರಬೇಕು? ಯಾರಿಗೆ ಓದಬೇಕು?

“ಹೂಂ. ಹಂಗ ಮುಗೀತು” ಎಂದೆ. ಅವಳು ರೊಟ್ಟಿ ತಿರುವಿ ಹಾಕಿದಳು.

ಮುಂದಿನ ಸಲ ಮಸ್ಕಿಯಲ್ಲಿ ಮಾಸ್ತರರು ಗಾಡಿಯಿಂದ ಸ್ವಲ್ಪ ದೂರ ಕರೆದು ಕೇಳಿದರು. “ಓದಿದ್ರೇನ್ರಿ? ಏನಂದ್ರು?”

“ಏನೂ ಅನ್ಲಿಲ್ರೀ.”

ಅವರು ನಾನು ತಿರುಗಿ ಕೊಟ್ಟ ಪುಸ್ತಕದ ಧೂಳು ಒರೆಸಿದರು. ಧೂಳೇನೂ ಇರಲಿಲ್ಲ. ಅದರ ಮುಂದಿನ ಸಲ ಶಾಲೆಗೆ ಬೇರೆ ಮಾಸ್ತರರು ಬಂದಿದ್ದರು. ಇವರು ಕೇಳಿಕೊಂಡು ಹೈದರಾಬಾದಿನ ಕಡೆ ಬದಲಿ ಮಾಡಿಸಿಕೊಂಡು ಹೋದರೆಂದು ನೀರು ಕೊಟ್ಟ ಮುದುಕಿ ಹೇಳಿದಳು. ಅಕ್ಕ ಅಂದೂ ನೀರು ಕುಡಿದಳು, ತಂಬಿಗೆ ಬೆಳಗಿದಳು. ಗಾಡಿ ಹೊರಟು ಗುಡ್ಡ ಮರೆಯಾಗುವವರೆಗೂ ಆ ಬೇವಿನ ಗಿಡವನ್ನೇ ನೋಡುತ್ತಿದ್ದಳು. ನಾನು ಎದುರಿಗೇ ಕೂತು ಬಾಯಿ ಬಿಡಲಿಲ್ಲ. ಪುಸ್ತಕಗಳ ದಾರಿಯೂ ಅಲ್ಲಿಗೆ ನಿಂತಿತು. ಉಳಿಸಿಕೊಂಡವಳು ಬಲಕ್ಕೆ ಇದ್ದಳು, ಓದಲು ಏನೂ ಇರಲಿಲ್ಲ.

ಎರಡು ವರ್ಷ ಕಳೆಯಿತು. ಅತ್ತೆ ತೀರಿಕೊಂಡಿದ್ದಳು. ಒಂದು ಮಧ್ಯಾಹ್ನ ಜೋಳ ಕೇರುತ್ತಿದ್ದ ಅಕ್ಕ ತಲೆ ಎತ್ತದೆಯೇ ಅಂದಳು.

“ಆ ಕಥಿ ಹಂಗ ಮುಗಿದಿರಲಿಲ್ಲ.”

ನಾನು ನನ್ನ ಮೊರದ ಕಾಳು ಬಿಟ್ಟು ಅವಳ ಕಡೆ ತಿರುಗಿದೆ.

“ಅವತ್ತ ನಿನ್ನ ಬೆರಳು ಒಂದ ಸಾಲಿನ ಮ್ಯಾಲ ನಿಂತಿತ್ತು. ಬಾಯಿ ಒಂದ ಓಡ್ತಿತ್ತು. ಆ ಪುಸ್ತಕಾ ಅವರು ಕಳಿಸಿದ್ದು ನಿನಗಲ್ಲ, ನನಗ, ಅದೂ ಗೊತ್ತಿತ್ತು.”

“ಗೊತ್ತಿದ್ದ ಮ್ಯಾಲ ಯಾಕ ಹೋಗಲಿಲ್ಲಕ್ಕಾ?”

“ನೀ ಬ್ಯಾಡ ಅಂದಿ ಅಂತ ತಿಳಕೊಂಡೆ. ನನ್ನಾಕಿ ಅಂತ ಇದ್ದಾಕಿ ನೀ ಒಬ್ಬಾಕಿ. ನೀನ ಬ್ಯಾಡ ಅಂದ ಮ್ಯಾಲ ಯಾರ ಧೈರ್ಯದ ಮ್ಯಾಲ ಹೋಗ್ಲಿ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಮೊರ ಕೆಳಗಿಟ್ಟು ಅತ್ತುಬಿಟ್ಟೆ. ಅವಳು ಸೆರಗಿನಿಂದ ನನ್ನ ಮುಖ ಒರೆಸಿ, ನನ್ನ ಬಲಗೈಯ ಬೆರಳನ್ನು ಹಿಡಿದು ನೆಲದ ಮೇಲೆ, ಬಲದಿಂದ ಎಡಕ್ಕೆ ಮೆಲ್ಲಗೆ ಎಳೆದಳು.

“ಈಗ ಓದು. ಆಕಿ ಬಾಗಲಾ ದಾಟಿದಳೇನು?”

“ದಾಟಿದಳಕ್ಕಾ.”

“ರೈಲು ಹತ್ತಿದಳೇನು?”

“ಹತ್ತಿದಳು.”

“ಅಂವಾ ಬಂದಿದ್ನೇನು?”

“ಮೊದಲ ಬಂದು ನಿಂತಿದ್ದ.”

ನನ್ನ ಬೆರಳು ಇನ್ನೂ ಅವಳ ಕೈಯಲ್ಲೇ ಇತ್ತು.

“ನೀರು ಕೊಟ್ನೇನು ಆಕೀಗೆ?”

ಆ ಪುಸ್ತಕದಲ್ಲಿ ನೀರಿನ ಮಾತೇ ಇರಲಿಲ್ಲ. “ಕೊಟ್ಟ. ಆಕಿ ಕುಡದು ತಂಬಿಗಿ ಬೆಳಗಿ ಕೊಟ್ಟಳು” ಎಂದೆ. ಬೆರಳು ನಿಲ್ಲದಂತೆ ನೋಡಿಕೊಂಡೆ.