ಸ್ಟ್ಯಾಂಡಿಗೆ ಬಾರದ ಬಸ್ಸಿನ ಪರವಾಗಿ

ಹೊಸನಗರದ ಮೇಲೆ ಇವತ್ತು ಎಂಥಾ ಕಾವಳ ಇಳಿದಿದೆ ಎಂದರೆ, ಬೆಳಗಿನ ಐದೂವರೆಗೆ ತೀರ್ಥಹಳ್ಳಿ ಕಡೆ ಹೊರಟ ಬಸ್ಸಿನ ಸದ್ದಷ್ಟೇ ಕೇಳುತ್ತದೆ, ಬಸ್ಸು ಕಾಣುವುದಿಲ್ಲ. ಹಿಟ್ಟಿನ ಗಿರಣಿಯ ಮೇಲಿನ ಮನೆಯಲ್ಲಿ ಭವ್ಯಶ್ರೀ ದೇವರಿಗೆ ದೀಪ ಹಚ್ಚಿ, ಅದೇ ಕೈಯಲ್ಲಿ ಎರಡು ಹಳೇ ಕಂಪ್ಯೂಟರುಗಳ ಗುಂಡಿ ಒತ್ತುತ್ತಾರೆ. ಎರಡರ ನಡುವೆ ಒಂದು ಕೇಬಲ್ಲು. ತೆರೆಯ ಮೇಲೆ ಅಂಕಿಗಳು ಓಡತೊಡಗುತ್ತವೆ. ಕಂಪನಿ ಅವರನ್ನು ಕೆಲಸದಿಂದ ದೂರ ಇಟ್ಟು ಇಂದಿಗೆ ಹತ್ತೊಂಬತ್ತು ದಿನ. ಕೆಲಸ ಮಾತ್ರ ಒಂದು ದಿನವೂ ನಿಂತಿಲ್ಲ.

ಅವರ ಕೆಲಸ ಇಷ್ಟು. ಕ್ಲೌಡ್ ಎಂದು ನಾವು ಕರೆಯುವುದು ಎಲ್ಲೋ ಇರುವ ಸರ್ವರ್‌ಗಳನ್ನೇ. ಒಂದೊಂದು ಸರ್ವರಿನೊಳಗೂ ಹತ್ತಾರು ಬಾಡಿಗೆದಾರರ ಯಂತ್ರಗಳು, ಒಂದೇ ವಠಾರದಲ್ಲಿ ಹತ್ತು ಒಲೆ ಉರಿದ ಹಾಗೆ. ಬರುವ ಮಾಹಿತಿಯ ತುಣುಕುಗಳಿಗೆ ‘ನೀನು ಈ ಮನೆಗೆ ಹೋಗು’ ಎಂದು ದಾರಿ ಹೇಳುವುದು ವರ್ಚುವಲ್ ಸ್ವಿಚ್ ಎಂಬ ತಂತ್ರಾಂಶ. ಪ್ರತಿ ತುಣುಕಿಗೂ ಹೇಳಿ ಹೇಳಿ ಸರ್ವರಿಗೆ ದಣಿವು. ಅದಕ್ಕೇ ಒಂದು ಉಪಾಯ: ಮೊದಲ ತುಣುಕಿಗೆ ಮಾತ್ರ ತಂತ್ರಾಂಶ ದಾರಿ ಹೇಳಿ, ಆ ದಾರಿಯನ್ನು ನೆಟ್‌ವರ್ಕ್ ಕಾರ್ಡಿನ ಚಿಪ್‌ಗೆ ಬರೆದುಕೊಡುತ್ತದೆ. ಹಿಂದೆ ಬರುವ ಲಕ್ಷಾಂತರ ತುಣುಕುಗಳು ತಂತ್ರಾಂಶದ ಮುಖ ನೋಡದೆ ಕಾರ್ಡಿನೊಳಗಿಂದಲೇ ಸಾಗುತ್ತವೆ. ಮೂವತ್ತೆರಡು ಕೋರ್‌ಗಳ, ಅಂದರೆ ಲೆಕ್ಕ ಮಾಡುವ ಮೂವತ್ತೆರಡು ಮಿದುಳುಗಳ ಸರ್ವರಿನಲ್ಲಿ ದಾರಿ ಹೇಳಲಿಕ್ಕೆಂದೇ ಎಂಟು ಸವೆಯುತ್ತಿದ್ದವು. ಒಳ್ಳೆಯ ಕಾರ್ಡಿದ್ದರೆ ಒಂದು ಸಾಕು. ಅಂಥ ಕಾರ್ಡುಗಳನ್ನು ಈ ಮನೆಯಿಂದಲೇ ಆರು ವರ್ಷ ಪರೀಕ್ಷಿಸಿದವರು ಭವ್ಯಶ್ರೀ. ದಿನಕ್ಕೆ ನೂರನಲವತ್ತು ಪರೀಕ್ಷೆ.

ಸಾವಿರಾರು ಸರ್ವರುಗಳಿಗೆ ಹೋಗಲಿದ್ದ ಹೊಸ ಕಾರ್ಡಿನಲ್ಲಿ ಅವರಿಗೊಂದು ತೊಡಕು ಸಿಕ್ಕಿತು. ಮಾಹಿತಿ ಚೆನ್ನಾಗಿ ಹರಿಯುತ್ತಿರುವಾಗಲೇ, ಸರಿಯಾಗಿ ಹತ್ತನೇ ನಿಮಿಷಕ್ಕೆ ಸಂಪರ್ಕ ಕಡಿಯುತ್ತಿತ್ತು. ತಂಡದ ಮುಖ್ಯಸ್ಥ ಯೋಗರಾಜ್ ಒಪ್ಪಲಿಲ್ಲ. “ನಿಮ್ಮೂರ ಕರೆಂಟಿನ ಹಣೆಬರಹ ಮೇಡಂ ಅದು. ಪಾಸ್ ಅಂತ ಬರೆದು ಸಹಿ ಹಾಕಿ” ಎಂದರು.

“ನಮ್ಮೂರ ಕರೆಂಟು ಗಡಿಯಾರ ನೋಡ್ಕಂಡು ಹೋಗಲ್ಲ ಸಾರ್!” ಎಂದರು ಭವ್ಯಶ್ರೀ.

ಮರುದಿನವೇ ಆದೇಶ ಬಂತು: ಆಫೀಸಿಗೆ ಬಾರದವರು ಲಾಗಿನ್ ಕೀಯನ್ನು ಹಿಂದಿರುಗಿಸಬೇಕು. ಕಂಪ್ಯೂಟರಿಗೆ ಸಿಕ್ಕಿಸಿದರಷ್ಟೇ ಕಂಪನಿಯ ಕೆಲಸ ತೆರೆದುಕೊಳ್ಳುವ, ಬೆರಳುದ್ದದ ಆ ಕೀಗೆ ಅವರು ದೇವಸ್ಥಾನದ ಕೆಂಪು ದಾರ ಕಟ್ಟಿದ್ದರು. ದಾರ ಬಿಚ್ಚದೆ ಲಕೋಟೆಗೆ ಹಾಕಿ, ಆಫೀಸಿರುವ ಊರಿಗೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರು. “ಕೀ ಕೊಟ್ಟೆ. ಸಹಿ ಕೊಡ್ಲಿಲ್ಲ” ಎನ್ನುತ್ತಾರೆ.

ತೊಡಕಿನ ಬೇರು ಸಿಕ್ಕಿದ್ದು ಅಪ್ಪಯ್ಯನ ಬಾಯಲ್ಲಿ. ಜಟ್ಟಪ್ಪ ಇಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಮೂವತ್ತೊಂದು ವರ್ಷ ಬಸ್ಸುಗಳ ವೇಳೆ ಬರೆದವರು. ಒಂದು ಬೆಳಿಗ್ಗೆ ಕಡುಬು ತಿನ್ನುತ್ತಾ ಹಳೇ ಕಥೆ ತೆಗೆದರು: “ರಸ್ತೆ ಅಗೆದಿದ್ರು. ಸಾಗರದ ಬಸ್ಸು ಸ್ಟ್ಯಾಂಡಿಗೆ ಬರ್ದೆ ಹಿಂದಿನ ರಸ್ತೇಲೇ ಹೋಗ್ತಿತ್ತು. ನಂಗೆ ಕಾಣ್ಲಿಲ್ಲ. ಹತ್ತು ದಿನ ನೋಡ್ದೆ, ‘ಓಡ್ತಿಲ್ಲ’ ಅಂತ ಹೆಸರು ಹೊಡ್ದು ಹಾಕ್ದೆ. ಡ್ರೈವರ್ರು ಬಂದು ಜಗಳಕ್ಕೇ ನಿಂತ. ‘ಏನ್ ಜಟ್ಟಪ್ಪಣ್ಣ, ನಿಮ್ಮ ಮುಖ ನೋಡ್ದಿದ್ರೆ ಬಸ್ ಓಡಲ್ವಾ?’ ಅಂದ.”

ಮಗಳು ತಟ್ಟೆ ಬಿಟ್ಟು ಎದ್ದರು. ಕಾರ್ಡಿನ ಒಳದಾರಿಯಲ್ಲಿ ಹೋಗುವ ತುಣುಕುಗಳು ತಂತ್ರಾಂಶದ ಕಣ್ಣಿಗೆ ಬೀಳುವುದೇ ಇಲ್ಲ! ‘ಈ ದಾರಿಯಲ್ಲಿ ಯಾರೂ ಓಡಾಡುತ್ತಿಲ್ಲ’ ಎಂದುಕೊಂಡು ಅದು ಹತ್ತು ನಿಮಿಷಕ್ಕೆ ದಾರಿಯನ್ನೇ ಅಳಿಸುತ್ತಿದೆ. ಅಳಿಸುವ ಮೊದಲು ‘ಎಷ್ಟು ಹೋದವು?’ ಎಂದು ಕಾರ್ಡನ್ನು ಕೇಳಬೇಕು, ಅಷ್ಟೆ. ಯೋಗರಾಜ್‌ಗೆ ನಾಲ್ಕೇ ಸಾಲು ಬರೆದರು. ಉತ್ತರ ಬರಲಿಲ್ಲ. ತಾವೇ ಒಂದು ಹಳೇ ಕಾರ್ಡು ತರಿಸಿ, ತಂತ್ರಾಂಶಕ್ಕೆ ಆ ಪ್ರಶ್ನೆಯನ್ನು ಸೇರಿಸಿ, ಹಟದಿಂದ ಪರೀಕ್ಷೆಗೆ ಕೂತರು.

“ಆಫೀಸಲ್ಲಿ ಮುಖ ಕಾಣ್ಲಿಲ್ಲ ಅಂತ ಇವ್ಳ ಹೆಸರೂ ಹೊಡ್ದು ಹಾಕಿದ್ರಲ್ಲ” ಎನ್ನುತ್ತಾರೆ ತಾಯಿ ದುಗ್ಗಮ್ಮ, ದೀಪಕ್ಕೆ ಎಣ್ಣೆ ಎರೆಯುತ್ತಾ. “ದೇವ್ರೂ ಕಣ್ಣಿಗೆ ಕಾಣಲ್ಲ. ಹೊಡ್ದು ಹಾಕ್ಲಿ ನೋಡಣ!”

ತೆರೆಯ ಮೇಲೆ ಹತ್ತನೇ ನಿಮಿಷ ದಾಟುತ್ತದೆ. ಹನ್ನೊಂದು. ಹನ್ನೆರಡು. ಸಂಪರ್ಕ ಕಡಿಯುವುದಿಲ್ಲ. “ಹೊಗಳೋದು ಬೇಡ” ಎನ್ನುತ್ತಾರೆ ಭವ್ಯಶ್ರೀ. “ಅಳಿಸೋಕೆ ಮೊದ್ಲು ಒಂದ್ಸರ್ತಿ ಕೇಳ್ಲಿ. ಅಷ್ಟೇ ನಾನು ಕೇಳೋದು.”

ಏಳೂವರೆಗೆ ಗಿರಣಿಯ ಮುಂದೆ ಹಾರನ್ನು. ಕಾವಳದೊಳಗಿಂದ ಕಂಡಕ್ಟರನ ಕೈ ಚಾಚಿಕೊಂಡು ಬಂದು, ಜಟ್ಟಪ್ಪನವರಿಗೆ ಒಂದು ಲಕೋಟೆ ಕೊಟ್ಟು ಹೋಗುತ್ತದೆ. ಒಳಗೆ ಅದೇ ಕೀ, ಅದೇ ಕೆಂಪು ದಾರ. ಜೊತೆಗೆ ಕಾರ್ಡಿನ ವರದಿ: ‘ಪಾಸ್’ ಎಂಬುದರ ಮೇಲೆ ಗೆರೆ, ಕೆಳಗೆ ಮಗಳು ಬರೆದು ಕಳಿಸಿದ್ದ ಅದೇ ನಾಲ್ಕು ಸಾಲು, ‘ಪರೀಕ್ಷಿಸಿದವರು’ ಎಂಬಲ್ಲಿ ಭವ್ಯಶ್ರೀ ಎಂಬ ಹೆಸರು. ಯೋಗರಾಜ್ ಬೇರೇನೂ ಬರೆದಿಲ್ಲ.

“ತಪ್ಪಾಯ್ತು ಅಂತ ಒಂದು ಮಾತೂ ಇಲ್ವಲ್ಲ, ಅಪ್ಪಯ್ಯ?”

ಜಟ್ಟಪ್ಪ ಖಾಲಿ ಲಕೋಟೆಯನ್ನು ನಾಲ್ಕಾಗಿ ಮಡಿಸುತ್ತಾರೆ. “ಅವತ್ತು ನಾನೂ ಏನೂ ಹೇಳ್ಲಿಲ್ಲ ಮಗಾ. ಪುಸ್ತಕ ತೆಗ್ದು, ಆ ಬಸ್ಸಿನ ಹೆಸರು ಅದರ ಜಾಗ್ದಲ್ಲಿ ತಿರುಗಿ ಬರ್ದೆ.”