ಮರಿಗಳ ಮೇಲೆ ಎಸೆದ ಕಪ್ಪೆ

ಅಣ್ಣನಿಗೆ ಸ್ಟ್ರೋಕ್ ಆಗಿ ಬಲಗೈ ಬಿದ್ದುಹೋದ ಮೇಲೆ ಅವನ ಗಾಳದ ರಾಡು ನನ್ನ ಪಾಲಿಗೆ ಬಂತು. ನನಗೆ ಮೀನು ತಿನ್ನುವುದು ಗೊತ್ತಿತ್ತೇ ಹೊರತು ಹಿಡಿಯುವುದು ಗೊತ್ತಿರಲಿಲ್ಲ. ಅವನೋ, ಮೇಟಗಳ್ಳಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು, ಇಪ್ಪತ್ತು ವರ್ಷ ಒಂದು ಭಾನುವಾರವೂ ಕೆರೆ ತಪ್ಪಿಸಿದವನಲ್ಲ. ಹೆಂಡತಿಯ ಸೀಮಂತದ ದಿನವೂ ಹೋಗಿದ್ದ ಪುಣ್ಯಾತ್ಮ. ಅತ್ತಿಗೆ ಅದನ್ನು ಇವತ್ತಿಗೂ ಮರೆತಿಲ್ಲ.

ಅಂಥವನು ಒಂಟಿಕೊಪ್ಪಲಿನ ಮನೆಯಲ್ಲಿ ಯಾರ ಜೊತೆಗೂ ಮಾತಿಲ್ಲದೆ ಮಲಗಿಬಿಟ್ಟ. ಮೊದಲ ಆರು ತಿಂಗಳಲ್ಲಿ ಕೈಗೆ ಬಾರದ ಶಕ್ತಿ ಆಮೇಲೆ ಬರುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಅದರಲ್ಲಿ ಮೂರು ತಿಂಗಳು ಆಗಲೇ ಕಳೆದಿತ್ತು. ಫಿಸಿಯೋಥೆರಪಿಯವರು ವ್ಯಾಯಾಮ ಮಾಡಿಸಲು ಬಂದರೆ ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವನಂತೆ ನಟಿಸುತ್ತಿದ್ದ. ನಾನು ಬೈದೆ, ಅತ್ತೆ, ಕೊನೆಗೆ ಚೌಕಾಸಿಗೆ ಇಳಿದೆ.

“ಒಂದ್ ಕೊರಮೀನ್ ಹಿಡುಸ್ಬುಡು. ಆಮೇಲೆ ನೀವ್ ಹೇಳ್ದಂಗೆ ಕೇಳ್ತೀನಿ,” ಅಂದ.

ಶಿವರಾತ್ರಿ ಆಗಷ್ಟೇ ಮುಗಿದಿತ್ತು. ನಮಗೆ ಚಳಿ ಬಿಟ್ಟರೂ ನೀರಿಗೆ ಬಿಟ್ಟಿರುವುದಿಲ್ಲ ಅನ್ನುವುದು ಅಣ್ಣನ ಮೊದಲ ಪಾಠ. ಆ ದಿನಗಳಲ್ಲಿ ಬೆಳಗಿನ ಜಾವ ಎದ್ದು ಓಡಿ ಪ್ರಯೋಜನವಿಲ್ಲ. ಬಿಸಿಲು ದಂಡೆಯ ತೆಳು ನೀರನ್ನು ಕಾಯಿಸಿದ ಮೇಲೆ, ಹತ್ತರ ಸುಮಾರಿಗೆ, ಮೀನು ಅಲ್ಲಿಗೆ ಮೈ ಕಾಯಿಸಲು ಬರುತ್ತದೆ. ನೀರು ತಿಳಿಯಾಗಿದ್ದರೆ ಗಾಳದ ತುದಿಗೆ ಹಸಿರು ರಬ್ಬರ್ ಕಪ್ಪೆ ಕಟ್ಟಬೇಕು, ಕದಡಿದ್ದರೆ ಕಪ್ಪು ಬಣ್ಣದ್ದು. ಕಪ್ಪೆಯ ಕೊಕ್ಕೆ ಅದರ ಬೆನ್ನಿಗೆ ಒತ್ತಿಕೊಂಡಿರುವುದರಿಂದ ಜೊಂಡಿಗೆ ಸಿಕ್ಕಿಕೊಳ್ಳುವುದಿಲ್ಲ. ಗಿಡವಿಲ್ಲದ ಕಡೆಗೆ ಅವನೇ ಸ್ಟೀಲ್ ಚಮಚ ಕತ್ತರಿಸಿ ಮಾಡಿಕೊಂಡ ಹೊಳೆಯುವ ಬಿಲ್ಲೆ. ತಣ್ಣೀರಿನಲ್ಲಿ ಮೀನು ಮಂಕಾಗಿರುತ್ತದೆ, ಅವಸರ ಕೂಡದು. ರೀಲು ಎರಡು ಸುತ್ತು ಸುತ್ತಿ, ನಿಲ್ಲಿಸಿ, ಹತ್ತು ಎಣಿಸಬೇಕು. ನಾನು ಐದಕ್ಕೇ ಎಳೆದುಬಿಡುತ್ತಿದ್ದೆ.

“ಬಸ್ಸೇನ್ ಹೊರಟೋಗಲ್ಲ ಕಣಮ್ಮ,” ಅಂತ ಸೊಟ್ಟ ಬಾಯಲ್ಲೇ ನಗುತ್ತಿದ್ದ.

ಹೀಗೆ ಮೂರು ಭಾನುವಾರ ಅವನನ್ನು ಆಟೊದಲ್ಲಿ ಕೂರಿಸಿಕೊಂಡು ಮೇಟಗಳ್ಳಿ ಆಚೆಯ ಕೆರೆಗೆ ಹೋದೆ. ಮೂರು ಸಲವೂ ಬರಿಗೈಯಲ್ಲಿ ಬಂದೆವು. ಆದರೂ ಆ ವಾರಗಳಲ್ಲಿ ಅವನು ಹೊಟ್ಟೆ ತುಂಬ ಉಂಡ. ಶನಿವಾರ ಬಂತೆಂದರೆ ಎಡಗೈಯಲ್ಲೇ ಡಬ್ಬಿ ತೆಗೆದು ಕಪ್ಪೆಗಳನ್ನು ಆರಿಸುತ್ತ ಕೂರುತ್ತಿದ್ದ. ಅದನ್ನು ಕಣ್ಣಾರೆ ನೋಡಿಯೂ, ಕೆರೆಗೆ ಹೋಗಿಬರುವುದೇ ಅವನಿಗೆ ಮದ್ದು ಅನ್ನುವುದು ನನ್ನ ತಲೆಗೆ ಹೋಗಲಿಲ್ಲ. ನನಗೆ ಮೀನಿನದೇ ಹುಚ್ಚು ಹಿಡಿದಿತ್ತು.

ನಾಲ್ಕನೆಯ ಭಾನುವಾರ ಜೊಂಡಿನ ಪಕ್ಕ ನೀರು ಎಸರು ಕುದಿಯುವ ಹಾಗೆ ಆಡುತ್ತಿತ್ತು. ನೋಡಿದರೆ ಕೆಂಪು ಮರಿಗಳ ಗುಂಪು. ಕೊರಮೀನು ಮರಿಗಳನ್ನು ಬಿಟ್ಟು ಹೋಗುವುದಿಲ್ಲ, ಕೆಳಗೇ ನಿಂತು ಕಾಯುತ್ತದೆ. ಆಗ ಅದಕ್ಕೆ ಹಸಿವಿರಲಿ ಬಿಡಲಿ, ಮರಿಗಳ ಮೇಲೆ ಏನು ಬಿದ್ದರೂ ಎಗರಿ ಕಚ್ಚುತ್ತದೆ. ಅಂಥ ಮೀನನ್ನು ಹಿಡಿಯಲು ವಿದ್ಯೆಯೇ ಬೇಕಾಗಿಲ್ಲ. ಹಾಗೆ ಹಿಡಿದನೆಂದು ಒಬ್ಬ ಗೆಳೆಯನ ಜೊತೆ ಅಣ್ಣ ಎರಡು ವರ್ಷ ಮಾತು ಬಿಟ್ಟಿದ್ದ.

“ಅದ್ರ ಮೇಲ್ ಹಾಕು,” ಅಂದ.

“ಬ್ಯಾಡ ಕಣಣ್ಣ. ನೀನೇ ಬೈತಿದ್ದೆ.”

“ಹಾಕು ಅಂದ್ನಲ್ಲ! ನನ್ ಜೊತೆ ಇನ್ನೆಷ್ಟ್ ದಿನ ಅಂತ ಬತ್ತೀಯ ನೀನು?”

ಎಸೆದೆ. ಯಾವತ್ತೂ ಜೊಂಡಿಗೋ ದಂಡೆಗೋ ಬೀಳುತ್ತಿದ್ದ ಕಪ್ಪೆ ಅವತ್ತು ಸರಿಯಾಗಿ ಮರಿಗಳ ನಡುವೆಯೇ ಬಿತ್ತು. ನಾನಿನ್ನೂ ರೀಲು ಸುತ್ತಿರಲಿಲ್ಲ, ನೀರು ಧಡಾರನೆ ಎದ್ದಿತು. ಓಡಿಹೋಗಿ ರಾಡನ್ನು ದಂಡೆಯ ಮೇಲೆ ಕೂತಿದ್ದ ಅಣ್ಣನ ಎಡಗೈಗೆ ಹಿಡಿಸಿ, ಅದರ ಬುಡವನ್ನು ಅವನ ಹೊಟ್ಟೆಗೆ ಒತ್ತಿ, ರೀಲು ನಾನು ಸುತ್ತಿದೆ. ಮೊಳಕ್ಕಿಂತ ಉದ್ದದ ಮೀನು. ಖುಷಿಯಲ್ಲಿ ನಾನು ಕಿರುಚಿದ್ದು ನನಗೇ ನಾಚಿಕೆಯಾಗುವಷ್ಟಿತ್ತು. ಅಣ್ಣ ಮಾತ್ರ ಮೀನಿನ ಮುಖವನ್ನೇ ನೋಡುತ್ತಿದ್ದ.

“ಬುಟ್ಬುಡು,” ಅಂದ.

ಕೊಕ್ಕೆ ಗಂಟಲ ತನಕ ಇಳಿದಿತ್ತು. ಇಕ್ಕಳ ಹಾಕಿ ಕೀಳುವಷ್ಟರಲ್ಲಿ ಕಿವಿರಿನಿಂದ ರಕ್ತ ಬಂದು ನನ್ನ ಅಂಗೈ ತುಂಬಿತು. ನೀರಿಗೆ ಬಿಟ್ಟೆ. ಎರಡು ಸಲ ಬಾಲ ಆಡಿಸಿ ಹೊಟ್ಟೆ ಮೇಲಾಗಿ ತೇಲಿತು. ಅದರ ಜೋಡಿ ಮೀನು ಎಲ್ಲಿತ್ತೋ, ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ನೀರುಕಾಗೆ ಬಂದು ಮರಿಗಳ ನಡುವೆ ಮುಳುಗಿತು. ಮಣ್ಣಿನ ಹೆಂಟೆ ತೆಗೆದು ಹೊಡೆದೆ. ಹಾರಿಹೋಗಿ ಮತ್ತೆ ಬಂತು. ಅದಕ್ಕೆ ಏನಂತ ಹೇಳಲಿ, ದಾರಿ ತೋರಿಸಿದವಳು ನಾನೇ.

ಮಾರನೆಯ ದಿನ ಫಿಸಿಯೋಥೆರಪಿಯವರು ಬಂದಾಗ ನಾನು ರಜ ಹಾಕಿ ಪಕ್ಕದಲ್ಲೇ ನಿಂತಿದ್ದೆ. ಕೊಟ್ಟ ಮಾತು ನೆನಪಿಸಿದೆ.

“ಅದ್ ನಾನ್ ಹಿಡ್ದಿದ್ದಲ್ಲ ಕಣಮ್ಮ. ಮರಿ ಕಾಯಕ್ಕೆ ಬಂತು. ಯಾರ್ ಎಸುದ್ರೂ ಬರ್ತಿತ್ತು,” ಅಂದ.

“ಹಂಗಾದ್ರೆ ಇನ್ನೊಂದ್ ಹಿಡಿಯಣ. ಈ ಭಾನುವಾರನೇ ಹೋಗಣ.”

“ಸಾಕು, ಹೋಗು.”

ಎಷ್ಟು ಗೋಗರೆದರೂ ಕೆರೆಗೆ ಬರಲಿಲ್ಲ, ವ್ಯಾಯಾಮವನ್ನೂ ಮಾಡಲಿಲ್ಲ. ಡಾಕ್ಟರು ಹೇಳಿದ್ದ ಆರು ತಿಂಗಳು ಮುಗಿಯಿತು, ಆಮೇಲೆ ವರ್ಷವೂ ಆಯಿತು. ಇವತ್ತಿಗೂ ಅವನ ಅಂಗಿಯ ಗುಂಡಿ ಹಾಕುವವಳು ಅತ್ತಿಗೆ. ಅವತ್ತು ನಾನು ಬೇಕಂತಲೇ ಆಚೆ ಎಸೆದು, ಗುರಿ ತಪ್ಪಿತು ಅನ್ನಬಹುದಿತ್ತು. ಮೂರು ವಾರದಿಂದ ನನ್ನ ಎಸೆತ ನೋಡಿದ್ದವನು, ಖಂಡಿತ ನಂಬುತ್ತಿದ್ದ.